ಪುಟಿಯದ ಚೆಂಡು

ರೋಣ,
೧೦ ಡಿಸೆಂಬರ್ ೧೯೫೪

ನರಗುಂದದ ವಕೀಲ ಹನಮಂತಪ್ಪನವರಿಗೆ, ರೋಣದ ಟೆನಿಸ್ ಅಂಗಳ ಸಾರಿಸುವ ಮಾನವ್ವನ ನಮಸ್ಕಾರಗಳು. ನಾನು ಹೇಳಿದ್ದನ್ನು ಸಾಲಿ ಮಾಸ್ತರರು ಬರೆಯುತ್ತಿದ್ದಾರೆ.

ಹೋದ ವರ್ಷದ ಕಡೆಯ ಪಂದ್ಯವನ್ನು ಇಲ್ಲಿಯ ಜನ ಇನ್ನೂ ಮರೆತಿಲ್ಲ. ನೀವೂ ಗದಗಿನ ಡಾಕ್ಟರರೂ ಹೊತ್ತು ಮುಳುಗುವವರೆಗೆ ಸಮಸಮ ಆಡಿದಿರಿ. ಕಡೆಯ ಚೆಂಡು ನಿಮ್ಮ ಮೂಲೆಯಲ್ಲಿ ಬಿದ್ದು ಪುಟಿಯಲೇ ಇಲ್ಲ. ನೀವು ಬೀಸಿದ ಬ್ಯಾಟಿಗೆ ಬರೀ ಗಾಳಿ ಸಿಕ್ಕಿತು. ಸೋತರೂ ನಕ್ಕು, "ಚೆಂಡಿಗೂ ದಣಿವಾಗೈತ್ರಿ" ಅಂದಿರಿ. ಸಂತೆಯಲ್ಲಿ ಈಗಲೂ ಆ ಮಾತು ಹೇಳಿ ನಗುತ್ತಾರೆ.

ನನಗೆ ನಗು ಬರುವುದಿಲ್ಲ. ಆ ಮೂಲೆ ಬಿರುಕು ಬಿಟ್ಟಿತ್ತು. ಮಣ್ಣು ತುಂಬಿ ಬಡಿದು ಗಟ್ಟಿ ಮಾಡಬೇಕಿತ್ತು. ಕೂಸಿಗೆ ಜ್ವರವೆಂದು ಬಡಿಯದೆ, ಮೇಲೆ ಸೆಗಣಿ ಸಾರಿಸಿ ಮನೆಗೆ ಓಡಿದ್ದೆ. ಪಂದ್ಯ ಮುಗಿದ ಮೇಲೆ ನೀವು ಅಲ್ಲಿ ಕೂತು ಅಂಗೈಯಿಂದ ಒತ್ತಿದಿರಿ. ಮಣ್ಣು ಕುಸಿಯಿತು. ಕೂಸನ್ನು ಎತ್ತಿಕೊಂಡು ನಿಂತಿದ್ದ ನನ್ನನ್ನು ನೋಡಿದಿರಿ. "ಜ್ವರ ಐತೇನವ್ವಾ ಕೂಸಿಗೆ? ಲಗೂ ದವಾಖಾನಿಗೆ ಹೋಗು" ಎಂದಷ್ಟೇ ಹೇಳಿ, ಆ ಗುಳಿಯನ್ನು ಕಾಲಿನಿಂದ ಮುಚ್ಚಿ ಹೋದಿರಿ.

ಕೈ ಸೋತಿದೆ, ಈ ಸಲ ಬರಲಾರೆ ಎಂದು ನೀವು ಕ್ಲಬ್ಬಿಗೆ ಬರೆದಿದ್ದೀರಂತೆ. ನಿಮ್ಮ ಕೈ ಸೋತಿಲ್ಲ. ನಿನ್ನೆ ಕಾರ್ಯದರ್ಶಿಯವರಿಗೆ ನಾನೇ ಎಲ್ಲ ಹೇಳಿದೆ.

ಆ ಮೂಲೆಯನ್ನು ಮೊಣಕೈ ಆಳ ಅಗೆದು, ಗರಸು ಮಣ್ಣು ತುಂಬಿ, ಎಂಟು ದಿನ ಬಡಿದಿದ್ದೇನೆ. ನನ್ನ ಕೆಲಸ ಉಳಿಯುವುದೋ ಹೋಗುವುದೋ ತಿಳಿಯದು. ಅಂಗಳವಂತೂ ಗಟ್ಟಿಯಾಗಿದೆ. ನೀವು ಬಂದು ಆಡಬೇಕು.

ಇತಿ,
ಮಾನವ್ವನ ಹೆಬ್ಬೆಟ್ಟು