ಊರಲ್ಲಿ ಬಂಧುಗಳು: ಯಾರೂ ಇಲ್ಲ

ಮೈಲಾಪೂರ್, ಚೆನ್ನೈ
ಫೆಬ್ರವರಿ 3, ಮಂಗಳವಾರ

ಸುವರ್ಣಕ್ಕಾ, ಶರಣು.

ನಾವೆಲ್ಲ ಕ್ಷೇಮ ಅಂತ ಶುರು ಮಾಡಬೇಕು. ಮನೆಯ ಮೂವರಲ್ಲಿ ಇಬ್ಬರು ಕ್ಷೇಮ. ಮೂರನೆಯವಳು ಈ ಕಾಗದ ಬರೆಯುತ್ತಿದ್ದಾಳೆ.

ನಿನ್ನೆ ನೀನು ಬ್ಯಾಡಗಿ ಮುಟ್ಟಿ ಫೋನ್ ಮಾಡಿದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲೇ ಕೂತಿದೆ. ನಿನ್ನ ಪ್ಲಾನು ಭಾಳ ಛಲೋ ಇತ್ತು ತಂಗಿ, ಅಂಥಾ ತುಟ್ಟಿ ಊರಾಗ ಮೂರು ದಿನ ಇದ್ದು ಬಂದರೂ ಕೈ ಸುಡಲಿಲ್ಲ, ಜಯಲಕ್ಷ್ಮಿ ಟೀಚರು ಓಣಿ ತುಂಬ ನಿನ್ನ ಪ್ರಾಸ ಹೇಳಕೋತ ಅಡ್ಡಾಡಾಕತ್ತಾರ ಅಂದೆ. ನಾನು ನಕ್ಕೆ. ಫೋನಿಟ್ಟ ಮೇಲೆ ಕುಕ್ಕರಿನ ಮುಂದೆ ನಿಂತವಳು ಸೀಟಿ ಎಣಿಸುವುದನ್ನೇ ಮರೆತೆ. ಬೇಳೆ ಕರಗಿ ನೀರಾಯಿತು. ಫೋನಿನಲ್ಲಾದರೆ ನಾನು ಏನೋ ತಮಾಷೆ ಮಾಡಿ ಜಾರಿಕೊಳ್ಳುತ್ತೇನೆ, ನಿನಗೆ ಗೊತ್ತಿದ್ದದ್ದೇ. ಅದಕ್ಕೇ ಕಾಗದ.

ಮೂವತ್ತೈದು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟು ನಿವೃತ್ತಿಯಾದ ಮೇಲೆ ನೀನಾಗಿ ನನ್ನ ಹತ್ತಿರ ಕೇಳಿದ್ದು ಒಂದೇ. ನಾನೂ ಜಯಲಕ್ಷ್ಮಿ ಟೀಚರೂ ಮೂರು ದಿನ ಬರತೀವಿ, ಸಮುದ್ರ ನೋಡಬೇಕು, ಪಿಂಚಣಿಯೊಳಗ ಮುಗೀಬೇಕು, ಹೆಂಗ ಮಾಡೋದು ಹೇಳು ಅಂದೆ. ನಿನ್ನ ಮನೆಗೆ ಬರತೀವಿ ಅನ್ನಲಿಲ್ಲ. ಅದನ್ನು ಬೇರೆ ಯಾಕೆ ಹೇಳಬೇಕು? ತಂಗಿ ಇರುವ ಊರಿಗೆ ಬರುವ ಅಕ್ಕ ಎಲ್ಲಿ ಇಳಿಯುತ್ತಾಳೆ ಅಂತ ಯಾರೂ ಕೇಳುವುದಿಲ್ಲ. ಆದರೂ ನೀನು ಮುಂದಿನ ಮಾತಾಡುವ ಮೊದಲೇ ನಾನು, ಅಯ್ಯೋ ಅಕ್ಕಾ, ಬಚ್ಚಲು ಕಿತ್ತು ಹಾಕಿದಾರೆ, ಟೈಲ್ಸ್ ಕೆಲಸ, ಸ್ನಾನಕ್ಕೂ ತೊಂದರೆ ಅಂದುಬಿಟ್ಟೆ. ನೀನು ಹೌದೇನು ಅಂದೆ. ಅಷ್ಟೇ ಅಂದೆ.

ಬಚ್ಚಲನ್ನು ಯಾರೂ ಕಿತ್ತಿಲ್ಲ ಅಕ್ಕಾ. ಮಗಳು ತೇಜಶ್ರೀ, ದೊಡ್ಡಮ್ಮ ಅನ್ನದೆ, ಪೆರಿಯಮ್ಮ ಯಾಕೆ ನಮ್ಮ ಮನೆಗೆ ಬರಲ್ಲ ಅಂತ ತಮಿಳಿನಲ್ಲೇ ಕೇಳಿದಳು. ಅವಳಿಗೂ ಅದೇ ಟೈಲ್ಸಿನ ಕಥೆ ಹೇಳಿದೆ. ಹುಡುಗಿ ಎದ್ದು ಹೋಗಿ ಬಚ್ಚಲು ನೋಡಿ ಬಂದಳು. ಇವರು, ನಿನ್ನ ಅಕ್ಕ, ನಿನ್ನ ಲೆಕ್ಕ ಅಂತಂದು ಪೆರುಂಗುಡಿಯ ಆಫೀಸಿಗೆ ಹೊರಟರು. ಪ್ರಾಸ ಈಗ ಇವರಿಗೂ ಅಂಟಿದೆ.

ಆಮೇಲೆ ನಾನು ಪ್ಲಾನು ಬರೆಯಲು ಕೂತೆ. ಎಷ್ಟು ಉತ್ಸಾಹ ಅಂತೀ! ತಪ್ಪು ಮಾಡಿದವರ ಕೈಬರಹ ಯಾವಾಗಲೂ ದುಂಡಗಿರುತ್ತದೆ. ಶುಕ್ರವಾರ ತಾಂಬರಂ ಕಡೆ ಲೋಕಲ್ ರೈಲು, ವಂಡಲೂರಿನ ಪ್ರಾಣಿಗಳು. ಶನಿವಾರ ಎಗ್ಮೋರಿನ ಮ್ಯೂಸಿಯಂ, ಸಂಜೆ ಸಮುದ್ರ. ಭಾನುವಾರ ಪೇಟೆ ಸುತ್ತಾಟ, ಸಂಜೆಗೆ ಸೆಂಟ್ರಲ್ಲಿನಿಂದ ವಾಪಸ್ ರೈಲು. ಪ್ರತಿಯೊಂದಕ್ಕೂ ಪ್ರಾಸ:

ಆಟೋ ಹತ್ತಿದರೆ ಕೈಚೀಲ ಖಾಲಿ,
ಲೋಕಲ್ ರೈಲಲ್ಲಿ ಹೊಡೆಯಬಹುದು ಜೋಲಿ.

ಮಧ್ಯಾಹ್ನದ ಊಟಕ್ಕೆ ಮಿನಿ ಮೀಲ್ಸ್,
ಉಳಿತಾಯ ಮಾಡೋರಿಗೆ ಇದೇ ರೂಲ್ಸ್.

ಸಮುದ್ರ ನೋಡೋಕೆ ಟಿಕೆಟಿಲ್ಲ,
ಅಲೆಗಳಿಗೆಂದೂ ಸೂಟಿಯಿಲ್ಲ.

ಚೆನ್ನೈಗೆ ಬಂದವರೆಲ್ಲ ಮೊದಲು ನೋಡುವುದು ಮೈಲಾಪೂರಿನ ಗುಡಿ. ನನ್ನ ಪ್ಲಾನಿನಲ್ಲಿ ಮೈಲಾಪೂರೇ ಇರಲಿಲ್ಲ. ನೀನು ಗಮನಿಸಿರುತ್ತೀ.

ಇಳಿದುಕೊಳ್ಳಲು ನಮ್ಮ ಸಮಾಜದ ಛತ್ರ ಹುಡುಕಿದೆ. ಲಾಡ್ಜಿನ ಬಾಡಿಗೆಯ ಕಾಲುಭಾಗವೂ ಇಲ್ಲ, ಲಿಂಗಪೂಜೆಗೆ ಬೇರೆ ಕೋಣೆಯಿದೆ, ಬಿಸಿನೀರಿದೆ. ನಿನಗೆ ಅಂತಲೇ ಹುಡುಕಿದ್ದು ಅಂತ ನನಗೆ ನಾನೇ ಹೇಳಿಕೊಂಡೆ. ಅದಕ್ಕೊಂದು ಹಳೇ ನಿಯಮ: ಈ ಊರಲ್ಲಿ ಬಂಧುಗಳಿದ್ದವರಿಗೆ ಅಲ್ಲಿ ಕೋಣೆ ಕೊಡುವುದಿಲ್ಲ. ಬಂಧು ಇದ್ದ ಮೇಲೆ ಬಂಧುವಿನ ಮನೆ ಇದ್ದೇ ಇದೆಯಲ್ಲ ಅಂತ ನಂಬಿದ್ದ ಕಾಲದವರು ಮಾಡಿದ ನಿಯಮ. ಊರಿನ ಒಬ್ಬರು ಅರ್ಜಿಗೆ ರುಜು ಹಾಕಬೇಕು, ಇಳಿಯುವವರು ಬಂದ ದಿನ ಅದಕ್ಕೇ ಸಹಿ ಮಾಡಬೇಕು. ನಾನೇ ಹೋಗಿ ಮುಂಗಡ ಕಟ್ಟಿ ಅರ್ಜಿ ತುಂಬಿದೆ. ಊರಲ್ಲಿ ಬಂಧುಗಳು ಅಂತ ಇದ್ದ ಕಡೆ, ಯಾರೂ ಇಲ್ಲ. ರುಜು ಹಾಕುವವರಿಗೆ ಏನಾಗಬೇಕು ಅಂತ ಇದ್ದ ಕಡೆ, ಪರಿಚಯದವರು.

ನೀನು ಆ ಅರ್ಜಿ ಓದಿದೆಯೋ ಇಲ್ಲವೋ ತಿಳಿಯದು. ಆದರೆ ಕನ್ನಡಕ ಏರಿಸದೆ ನೀನು ಯಾವ ಕಾಗದಕ್ಕೂ ಸಹಿ ಹಾಕಿದವಳಲ್ಲ. ಆ ಅಕ್ಷರ ಯಾರದು ಅಂತ ನಿನಗೆ ಯಾರೂ ಹೇಳಬೇಕಿಲ್ಲ. ತಿದ್ದಿಸಿದವಳೇ ನೀನು.

ಈಗ ಕಾರಣ. ಮನೆ ಚಿಕ್ಕದು ಅಂತ ಬರೆಯೋಣ ಅಂದುಕೊಂಡಿದ್ದೆ. ಚಿಕ್ಕದು ಹೌದು, ಆದರೆ ಕಾರಣ ಅದಲ್ಲ.

ಶನಿವಾರ ಭಾನುವಾರ ಬೆಳಿಗ್ಗೆ ನಾನು ಮನೆಯ ಹಾಲ್‌ನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ತೆಗೆದುಕೊಳ್ಳುವುದು ನಿನಗೆ ಗೊತ್ತು. ಏಳು ಜನ ಹೆಂಗಸರು. ನಿನಗೆ ಗೊತ್ತಿಲ್ಲದ್ದು ಇಷ್ಟು: ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಓದಿದವಳು, ಮನೆಯಲ್ಲಿ ಚಿಕ್ಕಂದಿನಿಂದ ಇಂಗ್ಲಿಷೇ ಅಂತ ಅವರಿಗೆಲ್ಲ ಹೇಳಿಟ್ಟಿದ್ದೇನೆ. ಮೊದಲ ದಿನ ಒಬ್ಬಾಕೆ ಯಾವ ಸ್ಕೂಲು ಮಿಸ್ ಅಂದಳು, ಬಾಯಿಗೆ ಬಂದದ್ದು ಹೇಳಿದೆ. ಆಮೇಲೆ ಅದನ್ನು ಸಾಕಬೇಕಾಯಿತು. ಐದನೇ ಕ್ಲಾಸಿನಲ್ಲಿ ಮೊದಲ ಎಬಿಸಿಡಿ, ಡಿಗ್ರಿವರೆಗೂ ಕನ್ನಡ ಮೀಡಿಯಂ ಅಂತ ಗೊತ್ತಾದರೆ ಯಾರು ಫೀಸು ಕೊಟ್ಟಾರು ಅನ್ನುವ ಹೆದರಿಕೆ.

ನೀನು ಬಂದಿದ್ದರೆ ಸುಮ್ಮನೆ ಕೂರುತ್ತಿದ್ದೆಯಾ? ಹಣೆತುಂಬ ವಿಭೂತಿ ಹಚ್ಚಿಕೊಂಡು ಒಳಗಿಂದ ಬಂದು, ನಮ್ಮ ಭವಾನಿಗೆ ಎಬಿಸಿಡಿ ಕಲಿಸಿದಾಕಿ ನಾನಽ, ರಾತ್ರಿ ಚಿಮಣಿ ದೀಪ ಇಟಗೊಂಡು ಕಲಿಸೀನಿ ಅಂತ ಹೆಮ್ಮೆಯಿಂದ ಹೇಳುತ್ತಿದ್ದೆ. ಆರು ಜನಕ್ಕೆ ನಿನ್ನ ಮಾತು ತಿಳಿಯುತ್ತಿರಲಿಲ್ಲ. ಏಳನೆಯವಳು ಜಲಜಾಕ್ಷಿ, ಉಡುಪಿ ಕಡೆಯವಳು, ನಮ್ಮ ಬೀದಿಯ ಹೋಟೆಲ್ ಅವಳ ಗಂಡನದು. ಅವಳಿಗೆ ಒಂದೊಂದು ಅಕ್ಷರವೂ ತಿಳಿಯುತ್ತಿತ್ತು. ಆ ಜಲಜಾಕ್ಷಿಗೆ ಹೆದರಿ ನಿನ್ನನ್ನು ಛತ್ರಕ್ಕೆ ಕಳಿಸಿದೆ. ಇಷ್ಟೇ ಅಕ್ಕಾ. ಬರೆದು ನೋಡಿದರೆ ಇನ್ನೂ ಸಣ್ಣದಾಗಿ ಕಾಣುತ್ತಿದೆ.

ಅವರಿಗೆ ನಾನು ಕಲಿಸುವುದಾದರೂ ಹೇಗೆ ಗೊತ್ತೇನು? ನೀನು ಕಲಿಸಿದ ಹಾಗೇ. ಕ್ಯಾಟ್ ಅಂದರೆ ಬೆಕ್ಕು, ರ್‍ಯಾಟ್ ಕಂಡರೆ ಸೊಕ್ಕು ಅಂತ ನೀನು ಕಟ್ಟಿದ್ದನ್ನೇ ತಮಿಳಿಗೆ ತಿರುಗಿಸಿ ಹೇಳುತ್ತೇನೆ. ಕಾನ್ವೆಂಟ್ ಮೆಥಡ್ಡು ಎಷ್ಟು ಸುಲಭ ಅಂತ ಹೊಗಳುತ್ತಾರೆ.

ಶನಿವಾರ ಸಂಜೆ ಮರೀನಾದಲ್ಲಿ ಒಂದು ಗಂಟೆ ಸಿಕ್ಕೆ. ಎಂಟು ಗಂಟೆ ಪ್ರಯಾಣ ಮಾಡಿ ಬಂದವಳ ಹಾಗೆ ಬೆವರು ಒರೆಸಿಕೊಳ್ಳುತ್ತಾ ಬಂದೆ, ನೋಡಿದೆಯಲ್ಲ. ನೀನು ಸೀರೆ ನೆನೆಸಿಕೊಂಡು ಅಲೆಗೆ ಕೈ ಮುಗಿದು ನಿಂತಿದ್ದೆ. ಜಯಲಕ್ಷ್ಮಿ ಟೀಚರು, ಏನ್ರೀ ಸುವರ್ಣಾ ಟೀಚರ, ಅದೇನು ಇನ್ಸ್‌ಪೆಕ್ಟರ್ ಬಂದಾರೇನು, ಕೈ ಮುಗಿಯಾಕ ಅಂತ ಕಾಡಿಸುತ್ತಿದ್ದರು. ಕೋಣೆ ಹೇಗಿದೆ ಅಂದೆ ನಾನು. ಛಲೋ ಐತಿ, ಫ್ಯಾನು ತಿರಗತೈತಿ ಅಂದೆ ನೀನು. ಆಮೇಲೆ, ನಿನ್ನ ಮನಿ ಇಲ್ಲಿಂದ ಎಷ್ಟ ದೂರ ಅಂತ ಕೇಳಿದೆ. ಈ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಅಂದೆ ನಾನು.

ನೀನು ಲೈಟ್‌ಹೌಸ್ ಕಡೆ ಕೈ ಮಾಡಿದೆ. ನಿಮ್ಮ ಮಾಳಿಗಿ ಮ್ಯಾಲಿಂದ ಇದು ಕಾಣತೈತಿ ಅಂತ ಮದುವಿ ಆದ ಹೊಸದಾಗ ಬರದಿದ್ದಿ, ಇದಽ ಹೌದಲ್ಲೋ ಅಂದೆ. ಇಪ್ಪತ್ತೆರಡು ವರ್ಷದ ಹಿಂದಿನ ಕಾಗದ! ನಾನು ಸುಂಡಲ್, ಅದೇ ಕಡಲೆ ಉಸಳಿ, ಮಾರುವವನನ್ನು ಕರೆದೆ. ನೀನು ಸುಂಡಲ್ ತಿಂದೆ.

ಹಾರುವ ರೈಲು ಅಂತ ಇಲ್ಲಿಯವರು ಕರೆಯುವ ಮೇಲಿನ ರೈಲಿನಲ್ಲಿ ಅಲ್ಲಿಂದ ನಮ್ಮ ಮನೆಗೆ ಎರಡೇ ಸ್ಟೇಶನ್. ನಿಮ್ಮಿಬ್ಬರನ್ನೂ ಬಸ್ಸು ಹತ್ತಿಸಿ, ನೀನು ಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದುಕೊಂಡು ಕಾಲು ಗಂಟೆಯಲ್ಲಿ ಮನೆ ಸೇರಿದೆ. ರೊಟ್ಟಿ ಇನ್ನೂ ಕಪಾಟಿನಲ್ಲಿದೆ. ಒಂದೂ ಮುರಿದಿಲ್ಲ, ಅಷ್ಟು ಜೋಪಾನವಾಗಿ ಕಟ್ಟಿದ್ದೀ. ಮುರಿಯಲು ನನಗೆ ಧೈರ್ಯವಾಗಿಲ್ಲ.

ಕ್ಷಮಿಸು ಅಂತ ಬರೆಯುವುದು ಸುಲಭ, ಅದಕ್ಕೇ ಕೊನೆಗೆ ಇಟ್ಟಿದ್ದೆ. ಈಗ ಅದೂ ಕಷ್ಟವಾಗುತ್ತಿದೆ. ಇನ್ನೊಂದು ಪ್ಲಾನು ಕಳಿಸುತ್ತಿದ್ದೇನೆ. ಒಂದೇ ಸಾಲು. ಯುಗಾದಿ ಕಳೆದ ಮೇಲೆ, ಯಾವ ಶನಿವಾರವಾದರೂ, ಮೈಲಾಪೂರ್, ಎರಡನೇ ಮಹಡಿ, ಬೆಳಿಗ್ಗೆ ಹತ್ತಕ್ಕೆ ಕ್ಲಾಸು ಶುರುವಾಗುವ ಮೊದಲೇ. ಇದಕ್ಕೆ ಪ್ರಾಸ ಸಿಗಲಿಲ್ಲ.

ಇಂತು, ನಿನ್ನ ಕೈಯಲ್ಲಿ ಅಕ್ಷರ ಕಲಿತು ಅದರಲ್ಲೇ ಸುಳ್ಳು ಬರೆದ,
ಭವಾನಿ

ಮರೆತ ಮಾತು, ಬುಧವಾರ: ಕಾಗದ ಅಂಚೆಗೆ ಹಾಕುವ ಮೊದಲು ಮುಂಗಡದಲ್ಲಿ ಉಳಿದದ್ದನ್ನು ತರಲು ಛತ್ರಕ್ಕೆ ಹೋಗಿದ್ದೆ. ಮ್ಯಾನೇಜರ್ ರುದ್ರಮುನಿಯವರು ಕಟ್ಟಿದ್ದಷ್ಟನ್ನೂ ವಾಪಸ್ ಕೊಟ್ಟರು. ಬಾಡಿಗೆ ಹಿಡಿದುಕೊಳ್ಳಲಿಲ್ಲವಾ ಅಂದೆ. ಆ ಇಬ್ಬರು ಅಮ್ಮಂದಿರು ಒಂದು ರಾತ್ರಿಯೂ ಇಲ್ಲಿ ಇರಲಿಲ್ಲವಲ್ಲ ಮೇಡಂ ಅಂತ ಅರ್ಜಿ ತೆಗೆದು ತೋರಿಸಿದರು. ನನ್ನ 'ಯಾರೂ ಇಲ್ಲ'ದ ಮೇಲೆ ಒಂದು ಗೆರೆ. ಪಕ್ಕದಲ್ಲಿ ನಿನ್ನ ಅಕ್ಷರ: ಸ್ವಂತ ತಂಗಿ ಇದ್ದಾಳೆ. ಹಾಗೆ ಬರೆದರೆ ಕೋಣೆ ಕೊಡುವ ಹಾಗಿಲ್ಲಮ್ಮ ಅಂತ ರುದ್ರಮುನಿಯವರು ಎಷ್ಟು ಹೇಳಿದರೂ, ಇದ್ದಾಕಿನ್ನ ಇಲ್ಲ ಅಂತ ಹೆಂಗ ಸಹಿ ಮಾಡಲಿ ಅಂದೆಯಂತೆ. ಗಂಟುಮೂಟೆ ಎತ್ತಿಕೊಂಡು ಸೆಂಟ್ರಲ್ ಹತ್ತಿರದ ಲಾಡ್ಜಿಗೆ ಹೋದಿರಂತೆ. ಆ ಲಾಡ್ಜಿನ ಮಂಚದ ಮೇಲೆ ಕೂತು ಲಿಂಗಪೂಜೆ ಮಾಡಿಕೊಂಡೆಯಾ ಅಕ್ಕಾ? ಇದು ತಂಗಿಗೆ ಗೊತ್ತಾಗಬಾರದು ಅಂತ ಬೇರೆ ಹೇಳಿ ಹೋದೆಯಂತೆ. ನಾನು ಬರೀ ಪರಿಚಯದವಳು ಅಂತ ಅರ್ಜಿಯಲ್ಲಿದೆಯಲ್ಲ, ಅದಕ್ಕೇ ರುದ್ರಮುನಿಯವರು ನನಗೆ ಹೇಳಿದರು. ಇಂಥ ಅಕ್ಕನ್ನ ಛತ್ರಕ್ಕೆ ಕಳಿಸೋ ತಂಗಿ ಯಾರು ಮೇಡಂ, ನಿಮಗೆ ಗೊತ್ತಾ ಅಂತ ಕೇಳಿದರು.

ಗೊತ್ತಿಲ್ಲ ಅಂದೆ. ಮೇಲಿನದಿಷ್ಟನ್ನೂ ಬರೆದು ಕೈಚೀಲದಲ್ಲಿಟ್ಟುಕೊಂಡ ಮೇಲೂ, ಗೊತ್ತಿಲ್ಲ ಅಂದೆ. ಬಸ್‌ಸ್ಟಾಪಿನವರೆಗೆ ಬಂದು ಮತ್ತೆ ತಿರುಗಿ ಹೋದೆ. ಆ ತಂಗಿ ನಾನೇ ಅಂದೆ. ಮೊದಲ ಸಲ ಹೋದಾಗ ಅವರು ಕುರ್ಚಿ ತೋರಿಸಿ ಕೂತ್ಕೊಳ್ಳಿ ಅಂದಿದ್ದರು. ಈ ಸಲ ಅನ್ನಲಿಲ್ಲ.