ಖಾಲಿ ಕುರ್ಚಿಯ ಅಳತೆ

ತಂಗೀ, ಗುರುತಿಲ್ಲದ ಊರಿನ ಗ್ಯಾರೇಜಿನಲ್ಲಿ ಕೂತು ನಿನ್ನಕ್ಕ ಹರಸಿ ಬರೆಯುತ್ತಿದ್ದೇನೆ.

ನಿನ್ನ ಭಾವ ಅಗ್ಗಕ್ಕೆ ಕೊಂಡ ಹಳೇ ವ್ಯಾನು ಈಗ ಮನೆಯಾಗಿದೆ. ಒಲೆ, ಮಂಚ, ಪರದೆ, ಇವರ ಪೇಪರುಗಳಿಗೊಂದು ಬೀರು, ಎಲ್ಲ ಬಂತು. ಯಾರೂ ನನ್ನನ್ನು ಮೂಟೆಯ ಹಾಗೆ ಎತ್ತದೆ, ಗಾಲಿಕುರ್ಚಿಯಲ್ಲೇ ನಿನ್ನ ಮನೆಗೆ ಬರಬೇಕೆಂದು ತಾನೇ ಇಷ್ಟೆಲ್ಲ. ನಿನ್ನೆ ಖಾಲಿ ಕುರ್ಚಿಯನ್ನು, ವ್ಯಾನು ಹತ್ತಲು ಇಳಿಜಾರಾಗಿ ಹಾಸಿದ ಹಲಗೆಯ ಮೇಲೆ ತಳ್ಳಿ ನೋಡಿದರು. ಪಕ್ಕದ ಬಾಗಿಲಲ್ಲಿ ಸಲೀಸಾಗಿ ಒಳಗೆ ಹೋಯಿತು. ಇವರೂ ಗ್ಯಾರೇಜಿನ ವೆಲ್ಡರೂ ಕೈ ಕುಲುಕಿ ಟೀ ಕುಡಿದರು. ಆಮೇಲೆ ನಾನು ಕೂತೆ; ಹಣೆ ಬಾಗಿಲ ಮೇಲ್ಪಟ್ಟಿಗೆ ಬಡಿಯಿತು. ಅಷ್ಟು ದಿನ ಅಳೆದದ್ದೆಲ್ಲ ಖಾಲಿ ಕುರ್ಚಿಯನ್ನೇ.

“ಸ್ವಲ್ಪ ಬಗ್ಗಿದ್ರೆ ಆಯ್ತಲ್ಲೇ,” ಅಂದರು ಇವರು.

“ನೀವೇ ಕೂತು ಬಗ್ಗಿ ತೋರಿಸಿ,” ಅಂದೆ.

ಕೂತರು. ಬಗ್ಗಲು ಹೊಟ್ಟೆ ಬಿಡಲಿಲ್ಲ. ವೆಲ್ಡರ್ ತಳ್ಳಿದ, ಇವರು ಬಾಗಿಲಲ್ಲೇ ಸಿಕ್ಕಿಕೊಂಡರು.

“ಯಜಮಾನ್ರೇ, ಹಿಂದಿನ ಬಾಗಿಲು ಎತ್ತರ ಇದೆ. ಆದ್ರೆ ಅದಕ್ಕೆ ನಿಮ್ಮ ಬೀರು ಅಡ್ಡ ಇದೆಯಲ್ಲ,” ಅಂದ.

ಬೆಳಿಗ್ಗೆ ನೋಡಿದರೆ ಬೀರು ಅಂಗಳದಲ್ಲಿ, ಹಲಗೆ ಹಿಂಬಾಗಿಲಲ್ಲಿ. ನಾನು ತಲೆ ಎತ್ತಿಕೊಂಡೇ ಒಳಗೆ ಹೋದೆ. ಈ ಉಪಾಯ ತಮ್ಮದೇ ಎಂದು ಇವರು ಗ್ಯಾರೇಜಿಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ.

ಹಣೆಯ ಊತ ಇಳಿದಿದೆ, ಬಿ.ಪಿ. ಮಾತ್ರೆ ತಪ್ಪಿಸಿಲ್ಲ. ನಿನ್ನ ಮೆಟ್ಟಿಲ ಮೇಲಿನ ಹೂಕುಂಡ ಎತ್ತಿಡು, ಹಲಗೆ ಹಾಸಬೇಕು. ನಿನ್ನ ಮನೆ ಬಾಗಿಲ ಅಳತೆಯನ್ನು ಮಾತ್ರ ಭಾವನಿಗೆ ಬಿಡಬೇಡ, ನೀನೇ ಒಂದು ಕುರ್ಚಿಯಲ್ಲಿ ಕೂತು ಅಳೆದು ನೋಡು.

ಈ ಕಾರ್ಡು ಅಂಚೆ ಡಬ್ಬಿಗೆ ಹಾಕುವವರು ಇವರೇ. ಓದಿಯೇ ಹಾಕುತ್ತಾರೆ, ಓದಲಿ.

ನಿನ್ನಕ್ಕ