ಸೊಟ್ಟಪ್ಪನ ನಕ್ಷೆ

ಪ್ರಯೋಗಾಲಯ, ಮೂರನೇ ಮಹಡಿ
ಜೂನ್ ೧೨, ಮಧ್ಯಾಹ್ನ

ಪ್ರೀತಿಯ ತಮ್ಮಾ, ಸೊಟ್ಟಪ್ಪಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತಾ? ಬೇರೆಯವರ ಮನೆಗಳ ನಕ್ಷೆ ಬರೆಯುವ ಆ ಹೊಸ ಕೆಲಸದಲ್ಲಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ನಾನು ಚೆನ್ನಾಗಿದ್ದೇನೆ. ಅಪ್ಪನ ಕನ್ನಡಕ ಮತ್ತೆ ಕಳೆದಿದೆ. ಈ ಸಲ ಅದು ಅವರ ತಲೆಯ ಮೇಲೂ ಇಲ್ಲ.

ಸುದ್ದಿ ಇಷ್ಟೆ. ನೀನು ಇಲ್ಲಿನ ಕೆಲಸ ಬಿಡುವ ಮುಂಚೆ ಸತ್ತುಹೋದ ಕಂಪ್ಯೂಟರ್ ಚಿಪ್‌ಗೆ ನೀನು ಬರೆದಿದ್ದ ನಕ್ಷೆ ಬೀರುವಿನಲ್ಲೇ ಬಿದ್ದಿತ್ತು. ಅದೇ ನಕ್ಷೆಯಲ್ಲಿ ಇನ್ನೊಂದು ಚಿಪ್ ಮಾಡಿದೆವು. ಕರೆಂಟು ಹರಿಸುವ, ಕಣ್ಣಿಗೆ ಕಾಣದಷ್ಟು ಸಣ್ಣ ಇಂಗಾಲದ ನ್ಯಾನೊಕೊಳವೆಗಳು ಎಂದಿನಂತೆ ಅಡ್ಡಾದಿಡ್ಡಿ ಬಿದ್ದವು. "ಅಕ್ಕಾ, ಇವು ನೆಟ್ಟಗೆ ಬೀಳಲ್ಲ. ಸೊಟ್ಟ ಬಿದ್ರೂ ಉತ್ತರ ತಪ್ಪದ ಹಾಗೆ ಬರ್ಯೋಣ" ಎಂದು ನೀನು ಅಂದಾಗ ನಾನು ನಕ್ಕಿದ್ದೆ. ಚಿಕ್ಕಂದಿನಿಂದ ಒಂದು ಗೆರೆಯನ್ನೂ ನೆಟ್ಟಗೆ ಎಳೆಯದವನ ಸಬೂಬು ಅಂದುಕೊಂಡಿದ್ದೆ. ನೀನು ನಡುವೆ ಬಿಟ್ಟಿದ್ದ ಸೀಳು ನನಗೆ ಜಾಗ ದಂಡವೆನಿಸಿತ್ತು. ಈಗ ನೋಡಿದರೆ ದಾರಿ ತಪ್ಪಿದ ಕೊಳವೆ ಆ ಸೀಳಿನಲ್ಲೇ ತುಂಡಾಗುತ್ತದೆ, ಉತ್ತರ ಕೆಡಿಸುವುದಿಲ್ಲ. ಚಿಪ್‌ನಲ್ಲಿ ಲೆಕ್ಕ ಮಾಡುವ ಅರವತ್ತನಾಲ್ಕು ಗೇಟುಗಳೂ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟವು.

ಹಾಗಾದರೆ ಮೊದಲನೆಯದು ಯಾಕೆ ಸತ್ತಿತು ಎಂದು ಅದು ಸತ್ತ ದಿನದ ರಿಜಿಸ್ಟರ್ ತೆಗೆದೆ. ನಿನಗೆ ಗೊತ್ತಿರುವುದನ್ನೇ ಪಾಠ ಒಪ್ಪಿಸುವ ಹಾಗೆ ಬರೆಯುತ್ತೇನೆ, ಕೋಪಿಸಿಕೊಳ್ಳಬೇಡ. ಕೊಳವೆಗಳಲ್ಲಿ ಕೆಲವು ಕೆಟ್ಟ ನಲ್ಲಿಯಂಥವು. ಆಫ್ ಮಾಡಿದರೂ ಕರೆಂಟು ಹರಿಯುತ್ತಲೇ ಇರುತ್ತದೆ. ಮೊದಲು ಒಳ್ಳೆಯವನ್ನೆಲ್ಲ ಆಫ್ ಮಾಡಬೇಕು, ಆಮೇಲೆ ಜೋರು ಕರೆಂಟು ಬಿಡಬೇಕು. ಆಗ ಕೆಟ್ಟವು ಮಾತ್ರ ಸುಡುತ್ತವೆ. ಆ ದಿನ ಸುಡುವ ಕೆಲಸ ನನ್ನದು. 'ಆಫ್ ಮಾಡಿದೆ' ಎಂಬ ಚೌಕದಲ್ಲಿ ನನ್ನ ಗುರುತೇ ಇಲ್ಲ. ಆಫ್ ಮಾಡುವುದನ್ನೇ ಮರೆತು ಕರೆಂಟು ಬಿಟ್ಟಿದ್ದೆ, ಒಳ್ಳೆಯವೂ ಸುಟ್ಟುಹೋಗಿದ್ದವು. ಸಂಜೆ ಎಲ್ಲರೆದುರು ನಿನ್ನ ಮೇಲೆ ಹರಿಹಾಯ್ದವಳೂ ನಾನೇ. ನೀನು ಪೆನ್ಸಿಲ್ ಡಬ್ಬಿ ಎತ್ತಿಕೊಂಡು ಹೊರಟುಹೋದೆ. ನನಗೆ ನಾಚಿಕೆಯಾಗಿದೆ.

ಅಪ್ಪ ನಿನ್ನನ್ನು ಕೇಳಿದೆನೆಂದು ಬರೆಯಲು ಹೇಳಿದ್ದಾರೆ. ಬೆನ್ನು ಜೋಪಾನ. ನೂರು ಕಾಲ ಗಟ್ಟಿಯಾಗಿರು.

ನಿನ್ನ
ಅಕ್ಕ

ತಾ.ಕ.: ಅಂಚೆಯವರು ಕೆಳಗೆ ಬಂದಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ವರದಿಯಲ್ಲಿ 'ನಕ್ಷೆಯ ದೋಷ' ಎಂದು ನಾನು ಬರೆದಿದ್ದೆನಲ್ಲ, ಅದನ್ನು ಹೊಡೆದುಹಾಕಿ 'ಸುಟ್ಟವಳ ದೋಷ' ಎಂದು ಬರೆದು, ಸಹಿ ಮಾಡಿ ಮುಖ್ಯಸ್ಥರಿಗೆ ಕೊಟ್ಟೆ. ಸೋಮವಾರದಿಂದ ಸುಡುವ ಕೆಲಸ ನನ್ನ ಕೈಯಲ್ಲಿಲ್ಲ. ನಿನ್ನ ಮೇಜಿನ ಮೇಲೆ ಪೇರಿಸಿದ್ದ ನನ್ನ ಪುಸ್ತಕಗಳನ್ನೆಲ್ಲ ತೆಗೆದಿದ್ದೇನೆ. ಬಾರೋ.